ಎಲ್ಲ ಏದುಸಿರೂ ಗ್ಯಾಸಲ್ಲ

ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹೃದಯದ ತೊಂದರೆಗೆ ಸಿಗುವ ಮೊದಲ ಹೆಸರು ಗ್ಯಾಸು. ರಾತ್ರಿ ಊಟ ಮುಗಿಸಿ ಅಡ್ಡಾದವರಿಗೆ ಎದೆ ಒತ್ತಿದಂತಾಗುತ್ತದೆ, ಉಸಿರು ಪೂರ್ತಿ ಒಳಗಿಳಿಯುತ್ತಿಲ್ಲ ಅನ್ನಿಸುತ್ತದೆ, ಮೈ ಬೆವರುತ್ತದೆ. ಒಬ್ಬರು ಜೀರಿಗೆ ಕಷಾಯಕ್ಕೆ ನೀರಿಡುತ್ತಾರೆ, ಇನ್ನೊಬ್ಬರು ಸೋಡಾ ತರಲು ಓಡುತ್ತಾರೆ, ಮತ್ತೊಬ್ಬರು ಬೆನ್ನು ನೀವುತ್ತಾರೆ. ಒಂದು ತೇಗು ಬಂದರೆ ಸಾಕು, ರೋಗವೂ ಪತ್ತೆಯಾಯಿತು, ಚಿಕಿತ್ಸೆಯೂ ಮುಗಿಯಿತು. ತೇಗು ಬಾರದಿದ್ದರೆ, ‘ಬೆಳಗಾಗಲಿ, ನೋಡೋಣ’.

ಬೆಳಗಾಗುವವರೆಗಿನ ಆ ಹೊತ್ತೇ ಬಹಳ ದುಬಾರಿ. ಹೃದಯಾಘಾತವೆಂದರೆ ಸಿನಿಮಾದ ಅಪ್ಪನ ಹಾಗೆ ಎದೆ ಹಿಡಿದುಕೊಂಡು ಕುಸಿಯುವುದೇ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಸಕ್ಕರೆ ಕಾಯಿಲೆ ಹಳತಾದವರಲ್ಲಿ ನೋವನ್ನು ತಿಳಿಸುವ ನರಗಳೇ ಮಂಕಾಗಿರುತ್ತವೆ. ಅವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಎದೆನೋವೇ ಇಲ್ಲದೆ ಬರೀ ಏದುಸಿರು, ಬೆವರು, ವಿಪರೀತ ಸುಸ್ತಾಗಿ ಬರುವುದುಂಟು. ಅದು ಗ್ಯಾಸೋ ಹೃದಯವೋ ಎಂದು ತೀರ್ಮಾನಿಸುವ ಕೆಲಸ ಶುರುವಾಗಬೇಕಾದದ್ದು ಇಸಿಜಿಯಿಂದ. ಅದನ್ನು ತೆಗೆಯಲು ಹಿಡಿಯುವುದು ಕೆಲವೇ ನಿಮಿಷ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಸಿಗುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಅದರ ಫಲ ಹೆಚ್ಚು, ತಡವಾದಷ್ಟೂ ಕಡಿಮೆ. ಔಷಧಿ ಊರ ಹತ್ತಿರಕ್ಕೆ ಬಂದಿದೆ. ಮನೆಯಿಂದ ಹೊರಡುವುದು ಮಾತ್ರ ಇನ್ನೂ ತಡ.

ಹಾಗಂತ ಎಲ್ಲ ಏದುಸಿರೂ ಹೃದಯದ್ದಲ್ಲ. ಶ್ವಾಸಕೋಶ, ಹೃದಯ, ರಕ್ತ, ನರ, ಸ್ನಾಯು ಇವುಗಳಲ್ಲಿ ಯಾವುದು ಕೈಕೊಟ್ಟರೂ ಮನುಷ್ಯ ಹೇಳುವುದು ಒಂದೇ ಮಾತು, ‘ಉಸಿರಾಡೋಕೆ ಆಗ್ತಿಲ್ಲ’. ಆರಾಮವಾಗಿ ಕೂತಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ದಿನಕ್ಕೆ ಇಪ್ಪತ್ತು ಸಾವಿರದ ಆಸುಪಾಸು, ಒಂದೂ ಅವರ ಗಮನಕ್ಕೆ ಬಾರದೆ. ಈ ಕೆಲಸ ನಡೆಸುವ ಮಿದುಳಿನ ಬುಡದ ಭಾಗ ಮುಖ್ಯವಾಗಿ ಕಾಯುವುದು ಆಮ್ಲಜನಕವನ್ನಲ್ಲ, ಇಂಗಾಲದ ಡೈಆಕ್ಸೈಡನ್ನು. ಅದು ತುಸು ಏರಿದರೂ ಉಸಿರು ಜೋರಾಗುತ್ತದೆ, ಒದ್ದಾಟ ಶುರುವಾಗುತ್ತದೆ. ಆಮ್ಲಜನಕದ ಮೇಲೆ ಕಣ್ಣಿಡುವುದು ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳಗಳಿಗೆ ಅಂಟಿಕೊಂಡಿರುವ ಪುಟ್ಟ ಅಂಗಗಳು. ಉಸಿರಾಟವನ್ನು ಹಿಡಿತದಲ್ಲಿಡುವುದರಲ್ಲಿ ಇಂಥ ಅಂಗಗಳ ಪಾತ್ರವನ್ನು ಪತ್ತೆಮಾಡಿದ್ದಕ್ಕೆ ಬೆಲ್ಜಿಯಂನ ಕಾರ್ನೀಲ್ ಹೇಮಾನ್ಸ್ ಅವರಿಗೆ 1938ರ ನೊಬೆಲ್ ಬಂತು. ಆದರೆ ಈ ಕಾವಲುಗಾರರು ಕೂಗುವುದು ಆಮ್ಲಜನಕ ಸಾಕಷ್ಟು ಕುಸಿದ ಮೇಲೆ.

ಕೋವಿಡ್ ಕಾಲದಲ್ಲಿ ಕಂಡ ವಿಚಿತ್ರಕ್ಕೆ ಒಂದು ಕಾರಣ ಇಲ್ಲೇ ಇದೆ. ಬೆರಳಿಗೆ ಸಿಕ್ಕಿಸಿದ ಯಂತ್ರ ಆಮ್ಲಜನಕ 80 ತೋರಿಸುತ್ತಿದ್ದರೂ ರೋಗಿ ಮೊಬೈಲಿನಲ್ಲಿ ಮಾತಾಡುತ್ತಾ ಕೂತಿರುತ್ತಿದ್ದರು. ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಲೇ ಇದ್ದುದರಿಂದ ಅವರಿಗೆ ಒದ್ದಾಟವೇ ಇರಲಿಲ್ಲ. ಅದಕ್ಕೆ ತದ್ವಿರುದ್ಧವಾಗಿ, ಗಾಬರಿಯ ದಾಳಿಗೆ ಸಿಕ್ಕಿದವರು ಯಂತ್ರ 99 ತೋರಿಸುತ್ತಿದ್ದರೂ ಸತ್ತೇ ಹೋಗುತ್ತೇನೆ ಎಂಬಷ್ಟು ಸಂಕಟಪಡುತ್ತಾರೆ. ಒಳಗಿನ ಸಂಕಟವೂ ಯಂತ್ರದ ಅಂಕಿಯೂ ಯಾವಾಗಲೂ ಜೊತೆಯಲ್ಲಿ ನಡೆಯುವುದಿಲ್ಲ.

ಆ ಯಂತ್ರದ ಬಗ್ಗೆ ಎರಡು ಮಾತು ಹೇಳಲೇಬೇಕು. ಪಲ್ಸ್ ಆಕ್ಸಿಮೀಟರಿನ ಮೂಲ ಸೂತ್ರವನ್ನು 1974ರಲ್ಲಿ ಕಂಡುಕೊಟ್ಟವರು ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ. ಲೋಕವೆಲ್ಲ ಔಷಧಿ ಅಂಗಡಿಗಳಲ್ಲಿ ಅದಕ್ಕಾಗಿ ಮುಗಿಬೀಳುತ್ತಿದ್ದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. 2021ರ ಎರಡನೇ ಅಲೆಯಲ್ಲಿ ‘94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆ’ ಎಂಬುದು ನಮ್ಮ ಅಜ್ಜಿಯರಿಗೂ ಬಾಯಿಪಾಠವಾಯಿತು. ಒಳ್ಳೆಯದೇ. ಆದರೆ ಆ ಸಾಲಿನ ಜೊತೆ ಕಲಿಯಬೇಕಾದದ್ದು ಇನ್ನೂ ಇತ್ತು. ಬೆರಳು ತಣ್ಣಗಿದ್ದರೆ, ಉಗುರಿಗೆ ಗಾಢ ಬಣ್ಣವಿದ್ದರೆ ಅಂಕಿ ತಪ್ಪಬಹುದು. ಕಪ್ಪು ಚರ್ಮದವರಲ್ಲಿ ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ರಕ್ತಹೀನತೆಯಲ್ಲಿ ಹಿಮೊಗ್ಲೋಬಿನ್ ಅರ್ಧಕ್ಕೆ ಇಳಿದಿದ್ದರೂ ಅಂಕಿ 99 ಇರಬಹುದು; ಯಂತ್ರ ತೋರಿಸುವುದು ಇರುವ ಹಿಮೊಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದನ್ನೇ ಹೊರತು, ಹೊರುವವರು ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನಲ್ಲ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದು ಕಾರ್ಬನ್ ಮೊನಾಕ್ಸೈಡ್ ತುಂಬಿದಾಗಂತೂ ಈ ಪುಟ್ಟ ಯಂತ್ರ ಪೂರ್ತಿ ಮೋಸಹೋಗುತ್ತದೆ. ವಿಷಗಾಳಿ ಹೊತ್ತ ಹಿಮೊಗ್ಲೋಬಿನ್ನನ್ನೂ ಅದು ಆಮ್ಲಜನಕ ಹೊತ್ತದ್ದೆಂದೇ ಓದುತ್ತದೆ.

ಅಂಕಿಗಿಂತ ಮೊದಲು ಮನುಷ್ಯನನ್ನು ನೋಡಬೇಕು. ತುರ್ತು ಚಿಕಿತ್ಸಾ ಘಟಕದ ಅನುಭವಿ ನರ್ಸ್ ಮಾಡುವುದೂ ಅದನ್ನೇ. ಗಾಲಿಕುರ್ಚಿ ಬಾಗಿಲು ದಾಟುವ ಮೊದಲೇ ಆಕೆ ಕೇಳುತ್ತಾಳೆ, ‘ಏನಾಯ್ತು, ಯಾವಾಗಿಂದ?’ ಉತ್ತರ ಏನು ಎನ್ನುವುದಕ್ಕಿಂತ ಅದು ಹೇಗೆ ಬರುತ್ತದೆ ಎಂಬುದರ ಮೇಲೆ ಆಕೆಯ ಗಮನ. ‘ನಿನ್ನೆ ಸಂಜೆ ಮಳೆಯಲ್ಲಿ ನೆನೆದಿದ್ದೆ ಸಿಸ್ಟರ್, ರಾತ್ರಿಯಿಂದ ಎದೆ ಬಿಗಿದುಕೊಂಡಿದೆ’ ಎಂದು ಒಂದೇ ಉಸಿರಿಗೆ ಬಂದರೆ ಸ್ವಲ್ಪ ಸಮಯವಿದೆ. ‘ನಿನ್ನೆ... ಮಳೆ... ನೆಂದೆ’ ಎಂದು ತುಂಡುತುಂಡಾಗಿ ಬಂದರೆ ಚೀಟಿ ಮಾಡಿಸುವ ಕೆಲಸ ಆಮೇಲೆ, ಮಂಚ ಮೊದಲು. ಒಂದು ವಾಕ್ಯ ಪೂರ್ತಿ ಆಡಲಾಗದಿರುವುದು ತೀವ್ರ ಅಸ್ತಮಾ ದಾಳಿಯ ಗುರುತುಗಳಲ್ಲಿ ಒಂದು ಎಂದು ವೈದ್ಯಕೀಯ ಮಾರ್ಗಸೂಚಿಗಳೇ ಬರೆದಿವೆ. ಇದಕ್ಕೆ ಯಂತ್ರ ಬೇಡ, ಬ್ಯಾಟರಿ ಬೇಡ.

ಮಾತಿನ ಜೊತೆಗೆ ಭಂಗಿಯೂ ಹೇಳುತ್ತದೆ. ರೋಗಿ ಮುಂದಕ್ಕೆ ಬಾಗಿ ಎರಡೂ ಕೈ ಮೊಣಕಾಲಿಗೋ ಮಂಚದಂಚಿಗೋ ಊರಿಕೊಂಡು ಕೂತಿದ್ದರೆ, ಪ್ರತಿ ಉಸಿರಿಗೂ ಕುತ್ತಿಗೆಯ ಸ್ನಾಯು ಎದ್ದುಕಾಣುತ್ತಿದ್ದರೆ, ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿದ್ದರೆ, ಉಸಿರಾಟವೇ ಅವರ ಪಾಲಿಗೆ ಕೂಲಿ ಕೆಲಸವಾಗಿದೆ ಎಂದರ್ಥ. ಆಮೇಲೆ ಗಡಿಯಾರ. ದೊಡ್ಡವರು ಸುಮ್ಮನೆ ಕೂತಾಗಲೂ ನಿಮಿಷಕ್ಕೆ 25 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಬೇರಾವ ಲಕ್ಷಣಕ್ಕೂ ಕಾಯಬಾರದು. ತುಟಿ, ನಾಲಿಗೆ ನೀಲಿಗಟ್ಟುವುದು, ಮಂಪರು, ಮಾತು ತೊದಲುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ನೇರ ದೊಡ್ಡ ಆಸ್ಪತ್ರೆ. ಸುಂಯ್ ಸುಂಯ್ ಎನ್ನುತ್ತಿದ್ದ ಅಸ್ತಮಾ ರೋಗಿಯ ಎದೆ ಇದ್ದಕ್ಕಿದ್ದಂತೆ ಮೌನವಾದರೆ ಮನೆಯವರು ‘ಈಗ ಸ್ವಲ್ಪ ಪರವಾಗಿಲ್ಲ’ ಎಂದು ನಿಟ್ಟುಸಿರು ಬಿಡುತ್ತಾರೆ. ರೋಗಿ ಚೇತರಿಸಿಕೊಂಡು ಮಾತಾಡುತ್ತಿದ್ದರೆ ಸರಿ. ಸೋತು, ಕಣ್ಣು ತೇಲಿಸುತ್ತಿದ್ದರೆ ಆ ಮೌನದ ಅರ್ಥ ಬೇರೆ: ಶಬ್ದ ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲ.

ಬೆಂಗಳೂರಿಗೂ ಅಸ್ತಮಾಕ್ಕೂ ಇರುವ ನಂಟು ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರ ಲೆಕ್ಕದಲ್ಲಿ ದಾಖಲಾಗಿದೆ. ಅವರು ಆಸ್ಪತ್ರೆಗೆ ಬಂದ 20 ಸಾವಿರ ಮಕ್ಕಳ ಮಾಹಿತಿಯನ್ನು ಎರಡು ದಶಕಗಳುದ್ದಕ್ಕೂ ಕಲೆಹಾಕಿದರು. 1979ರಲ್ಲಿ ಅಸ್ತಮಾ ಕಂಡದ್ದು ಶೇ 9 ಮಕ್ಕಳಲ್ಲಿ, 1999ರಲ್ಲಿ ಶೇ 29.5ರಲ್ಲಿ. ಇದು ಆಸ್ಪತ್ರೆಗೆ ಬಂದವರ ಲೆಕ್ಕವೇ ಹೊರತು ಇಡೀ ಊರಿನ ಮಕ್ಕಳದ್ದಲ್ಲ. ಆದರೂ ಏರಿಕೆಯ ದಿಕ್ಕಿನಲ್ಲಿ ಅನುಮಾನವಿಲ್ಲ. ಆ ಎರಡು ದಶಕಗಳಲ್ಲಿ ಊರಿನ ವಾಹನ ಸಂಖ್ಯೆ ಏನಾಯಿತು ಎಂಬುದನ್ನು ಬೆಂಗಳೂರಿಗರಿಗೆ ಹೇಳಬೇಕಾಗಿಲ್ಲ.

ಇಷ್ಟು ಅಸ್ತಮಾ ಇರುವ ಊರಿನಲ್ಲಿ ಇನ್‌ಹೇಲರ್ ಎಂದರೆ ಈಗಲೂ ಹಿಂಜರಿಕೆ. ‘ಪಂಪ್ ಒಂದ್ಸಲ ಶುರುಮಾಡಿದರೆ ಬಿಡೋಕಾಗಲ್ಲ’, ‘ಹುಡುಗಿಗೆ ಪಂಪ್ ಅಂತ ಗೊತ್ತಾದರೆ ಸಂಬಂಧ ಬರಲ್ಲ’, ‘ಮಾತ್ರೆಯೇ ಇರಲಿ ಡಾಕ್ಟ್ರೇ’. ಮಾತ್ರೆಯ ಪರ ವಾದಿಸುವವರು ಒಂದು ಲೆಕ್ಕ ನೋಡಬೇಕು. ಸಾಲ್ಬುಟಮಾಲ್ ಇನ್‌ಹೇಲರಿನ ಒಂದು ಒತ್ತಿಗೆ ಹೊರಬರುವ ಔಷಧಿ 100 ಮೈಕ್ರೊಗ್ರಾಂ. ಅದೇ ಔಷಧಿಯ ಮಾತ್ರೆ 2 ಅಥವಾ 4 ಮಿಲಿಗ್ರಾಂ, ಅಂದರೆ ಇಪ್ಪತ್ತರಿಂದ ನಲವತ್ತು ಪಟ್ಟು. ಅದು ಹೊಟ್ಟೆ, ಯಕೃತ್ತು, ರಕ್ತ ಎಲ್ಲ ಸುತ್ತಿ ಕೊನೆಗೆ ಶ್ವಾಸನಾಳಕ್ಕೆ ಬರುತ್ತದೆ. ದಾರಿಯಲ್ಲಿ ಕೈ ನಡುಗಿಸುತ್ತದೆ, ಎದೆ ಡವಗುಟ್ಟಿಸುತ್ತದೆ. ಇನ್‌ಹೇಲರಿನ ಹುಟ್ಟಿನಲ್ಲೂ ಒಬ್ಬ ಹುಡುಗಿಯ ಬೇಸರವಿದೆ. 1955ರಲ್ಲಿ ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಅಸ್ತಮಾಪೀಡಿತ ಮಗಳು, ಒಡೆಯುವ ಗಾಜಿನ ಸಾಧನ ಹೊತ್ತು ತಿರುಗಿ ಸಾಕಾಗಿ, ಔಷಧಿಯನ್ನು ಸ್ಪ್ರೇ ಡಬ್ಬಿಯಲ್ಲಿ ಯಾಕೆ ತುಂಬಬಾರದು ಎಂದು ಅಪ್ಪನನ್ನು ಕೇಳಿದಳು. ಮರುವರ್ಷ ಇನ್‌ಹೇಲರ್ ಮಾರುಕಟ್ಟೆಗೆ ಬಂತು.

ಆದರೆ ಇನ್‌ಹೇಲರ್ ಕೈಯಲ್ಲಿರುವುದು ಬೇರೆ, ಬಳಸಲು ಬರುವುದು ಬೇರೆ. ಬಾಯಿಗೆ ಫುಸ್ಸೆಂದು ಒತ್ತಿಕೊಂಡು ಮೂಗಿನಲ್ಲಿ ಉಸಿರೆಳೆಯುವವರು ಕಡಿಮೆಯಿಲ್ಲ. ಔಷಧಿಯೆಲ್ಲ ನಾಲಿಗೆಯ ಪಾಲು. ಅಲುಗಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು, ಒತ್ತುತ್ತಲೇ ನಿಧಾನವಾಗಿ ಆಳಕ್ಕೆಳೆದು, ಹತ್ತು ಎಣಿಸುವವರೆಗೆ ಹಿಡಿದಿಡಬೇಕು. ಈ ಕೈಬಾಯಿ ಹೊಂದಾಣಿಕೆ ಕಷ್ಟವಾದವರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಇದೆ. ಇನ್ನೊಂದು ವಿಷಯ: ತಕ್ಷಣ ಉಬ್ಬಸ ಇಳಿಸುವ ಔಷಧಿಯೊಂದನ್ನೇ ನೆಚ್ಚಿಕೊಂಡು ಅಸ್ತಮಾ ನಿಭಾಯಿಸುವ ಪದ್ಧತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲೇ ಕೈಬಿಟ್ಟಿತು. ಒಳಗಿನ ಊತ ತಗ್ಗಿಸುವ ಔಷಧಿ ಜೊತೆಗಿರಲೇಬೇಕು. ಮೃಗಶಿರ ಮಳೆ ಶುರುವಾದ ದಿನ ಹೈದರಾಬಾದಿಗೆ ಹೋಗಿ ಜೀವಂತ ಮೀನಿನ ಮದ್ದು ನುಂಗಿ ಬರುವ ನಮ್ಮ ಕಡೆಯವರ ನಂಬಿಕೆಯ ಜೊತೆ ಜಗಳವಾಡಿ ಉಪಯೋಗವಿಲ್ಲ. ಆದರೆ ಆ ನಂಬಿಕೆಯಲ್ಲಿ ಇನ್‌ಹೇಲರ್ ಬಿಟ್ಟವರು ಮಳೆಗಾಲದ ನಡುವೆಯೇ ಐಸಿಯು ಸೇರುವ ಅಪಾಯವಿದೆ.

ಮಕ್ಕಳ ವಿಷಯದಲ್ಲಿ ಎಣಿಕೆಯೇ ದೊಡ್ಡ ಪರೀಕ್ಷೆ. 1984ರಲ್ಲಿ ಪಪುವಾ ನ್ಯೂಗಿನಿಯ ಗೊರೊಕಾದಿಂದ ಫ್ರ್ಯಾಂಕ್ ಶಾನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು, ಎಕ್ಸ್‌ರೇ ಇಲ್ಲದ ಕಡೆ ನ್ಯುಮೋನಿಯಾ ಗುರುತಿಸಲು ಉಸಿರಿನ ವೇಗವೇ ಸಾಕಷ್ಟು ಎಂದು ತೋರಿಸಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಇದರ ಮೇಲೆ ಕಟ್ಟಿದ ಗೆರೆಗಳು ಇವತ್ತು ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರ ಕೈಯಲ್ಲಿವೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40; ಅಷ್ಟು ಅಥವಾ ಹೆಚ್ಚಾದರೆ ಅದು ವೇಗದ ಉಸಿರು.

ಈ ಎಣಿಕೆ ನೋಡಲು ಸುಲಭ, ಮಾಡಲು ಅಲ್ಲ. ಅಳುವ ಮಗುವಿನ ಉಸಿರು ಲೆಕ್ಕಕ್ಕೆ ಬರುವುದಿಲ್ಲ, ಹಾಲು ಕುಡಿಯುವ ಮಗುವಿನದ್ದೂ ಅಷ್ಟೆ. ಆಶಾ ಕಾರ್ಯಕರ್ತೆ ಜಗಲಿಯ ಮೇಲೆ ತಾಯಿಯನ್ನು ಕೂರಿಸಿ, ಮಗು ಸುಮ್ಮನಾಗುವವರೆಗೆ ಊರ ಸುದ್ದಿ ಮಾತಾಡುತ್ತಾ ಕಾಯುತ್ತಾಳೆ. ಆಮೇಲೆ ಮಗುವನ್ನು ಮುಟ್ಟದೆ ಅಂಗಿಯಷ್ಟೇ ಮೇಲೆತ್ತುತ್ತಾಳೆ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪಾಗುತ್ತದೆ, ಕೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಪೂರ್ತಿ ಒಂದು ನಿಮಿಷ ಬೇಕು. ಎಣಿಸುತ್ತಲೇ ಆಕೆ ಎದೆಯ ಕೆಳಭಾಗ ನೋಡುತ್ತಾಳೆ. ಉಸಿರೆಳೆದಾಗ ಅದು ಉಬ್ಬುವ ಬದಲು ಒಳಸೆಳೆದುಕೊಂಡರೆ ಕಾಯಿಲೆ ಬಲಿತಿದೆ. ಮಗು ಮೊಲೆ ಹಿಡಿಯುತ್ತಿಲ್ಲ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ಎಬ್ಬಿಸಿದರೂ ಏಳುತ್ತಿಲ್ಲ, ಫಿಟ್ಸ್ ಬಂದಿದೆ ಎಂದರೆ ಎಣಿಕೆಯೂ ಬೇಡ, ಗಾಡಿ ಬೇಕು. ಬಾಲಗ್ರಹವೆಂದು ಬರೆ ಹಾಕಿಸಿ, ದೃಷ್ಟಿ ತೆಗೆಸಿ ಮೂರು ದಿನ ಕಳೆಯುವ ಊರುಗಳು ಇನ್ನೂ ಇವೆ. ನ್ಯುಮೋನಿಯಾಕ್ಕೆ ಆ ಮೂರು ದಿನ ಧಾರಾಳವಾಗಿ ಸಾಕು.

ಚೆನ್ನಾಗಿ ಆಡುತ್ತಿದ್ದ ಮಗುವಿಗೆ ಒಮ್ಮೆಲೇ ಕೆಮ್ಮು, ಉಬ್ಬಸ ಬಂದರೆ ಮೊದಲ ಅನುಮಾನ ಕಡಲೆಕಾಯಿ ಬೀಜದ ಮೇಲೆ. ಶ್ವಾಸನಾಳದಲ್ಲಿ ಸಿಕ್ಕ ಬೀಜ ಕೆಲವೊಮ್ಮೆ ಕೆಮ್ಮಿನ ನಂತರ ತಣ್ಣಗೆ ಕೂರುತ್ತದೆ; ವಾರಗಟ್ಟಲೆ ‘ವಾಸಿಯಾಗದ ಕಫ’ ಎಂದು ಸಿರಪ್ ಕುಡಿಸಲಾಗುತ್ತದೆ. ಗಂಟಲಲ್ಲೇ ಕಟ್ಟಿ ಮಗು ಕೆಮ್ಮಲೂ ಅಳಲೂ ಆಗದೆ ಒದ್ದಾಡಿದರೆ, ಬಾಯಿಗೆ ಬೆರಳು ಹಾಕಿ ತಡಕಾಡಬಾರದು, ವಸ್ತು ಇನ್ನೂ ಕೆಳಗಿಳಿಯುತ್ತದೆ. ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ತಲೆಕೆಳಗಾಗಿ ಕವುಚಿ ಮಲಗಿಸಿ ಬೆನ್ನಿಗೆ ಐದು ಪೆಟ್ಟು, ತಿರುಗಿಸಿ ಎದೆಯ ನಡುವೆ ಐದು ಒತ್ತು. ದೊಡ್ಡ ಮಕ್ಕಳಿಗೆ ಹಿಂದೆ ನಿಂತು ಹೊಕ್ಕುಳಿನ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಒತ್ತಬೇಕು. ಹೆನ್ರಿ ಹೈಮ್ಲಿಕ್ 1974ರಲ್ಲಿ ಹೇಳಿಕೊಟ್ಟ ವಿಧಾನವಿದು.

ಹಳ್ಳಿಗಳಲ್ಲಿ ನೆನಪಿಡಬೇಕಾದ ಇನ್ನೊಂದು ಕಾರಣ ಕಟ್ಟುಹಾವು. ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಚ್ಚುತ್ತದೆ. ನೋವು, ಊತ ಇಲ್ಲವೆನ್ನುವಷ್ಟು ಕಡಿಮೆ, ಗಾಯ ಕಾಣುವುದೂ ಇಲ್ಲ. ನಸುಕಿನಲ್ಲಿ ಹೊಟ್ಟೆನೋವು, ಆಮೇಲೆ ರೆಪ್ಪೆ ಎತ್ತಲಾಗದು, ನುಂಗಲಾಗದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ರೆಪ್ಪೆ ಜೋತುಬಿದ್ದು ಉಸಿರು ಕ್ಷೀಣಿಸುತ್ತಿದ್ದರೆ, ಹಾವು ಕಂಡಿರಲಿ ಬಿಡಲಿ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಸಾಗಿಸಬೇಕು. ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿದೆ. ಪಟ್ಟಣದಲ್ಲಿ ಇದೇ ರೀತಿ ಹಠಾತ್ತಾಗಿ ಬರುವುದು ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಳ್ಳುವ ತೊಂದರೆ. ಕಾಲು ಮುರಿದು ಪಟ್ಟಿ ಹಾಕಿಸಿಕೊಂಡವರು, ಆಪರೇಷನ್ ಅಥವಾ ಹೆರಿಗೆಯಾಗಿ ಹೆಚ್ಚು ಹೊತ್ತು ಮಲಗಿದವರು, ಒಂದು ಕಾಲು ಮಾತ್ರ ಊದಿಕೊಂಡಿರುವವರು ಇದ್ದಕ್ಕಿದ್ದಂತೆ ಏದುಸಿರು ಬಿಟ್ಟರೆ ವೈದ್ಯರು ಮೊದಲು ಯೋಚಿಸುವುದು ಇದನ್ನೇ.

108ಕ್ಕೆ ಕರೆ ಹೋಗಿ ಗಾಡಿ ಬರುವವರೆಗೆ ಮಾಡಬೇಕಾದದ್ದು ಸ್ವಲ್ಪವೇ. ರೋಗಿಯನ್ನು ಮಲಗಿಸಬಾರದು, ಅವರು ಕೂತಿರುವ ಭಂಗಿಯೇ ಅವರಿಗೆ ಸರಿಯಾದ ಭಂಗಿ, ಬೆನ್ನಿಗೆ ದಿಂಬು ಕೊಟ್ಟರೆ ಸಾಕು. ಸುತ್ತ ನೆರೆದ ಜನ ಚದುರಬೇಕು, ಕಿಟಕಿ ತೆರೆಯಬೇಕು. ನೀರು, ಹಾಲು, ಕಾಫಿ ಬಾಯಿಗೆ ಸುರಿಯಬಾರದು. ಅಸ್ತಮಾ ಎಂದು ಗೊತ್ತಿದ್ದರೆ ವೈದ್ಯರು ಕೊಟ್ಟ ಉಬ್ಬಸ ಇಳಿಸುವ ಇನ್‌ಹೇಲರನ್ನು ಸ್ಪೇಸರಿನಲ್ಲಿ ಒಂದೊಂದೇ ಒತ್ತಾಗಿ ನಾಲ್ಕರಿಂದ ಹತ್ತರವರೆಗೆ ಕೊಡಬಹುದು, ಇಪ್ಪತ್ತು ನಿಮಿಷದ ನಂತರ ಮತ್ತೆ. ಹಳೆಯ ಚೀಟಿ, ಮಾತ್ರೆಗಳು ರೋಗಿಯ ಜೊತೆಯಲ್ಲೇ ಹೋಗಲಿ. ಮನೆಯಲ್ಲಿ ಸಿಲಿಂಡರ್ ಇದೆಯೆಂದು ಆಮ್ಲಜನಕ ಪೂರ್ತಿ ತಿರುವಬಾರದು. ಸಿಒಪಿಡಿ ಎಂಬ ಹಳೆಯ ಶ್ವಾಸಕೋಶದ ಕಾಯಿಲೆ ಇರುವವರಿಗೆ ವೈದ್ಯರು ಇಡುವ ಗುರಿಯೇ ಯಂತ್ರದಲ್ಲಿ 88ರಿಂದ 92, ಅತಿಯಾದರೆ ಇಂಗಾಲದ ಡೈಆಕ್ಸೈಡ್ ಏರಿ ಅವರು ಮಂಪರಿಗೆ ಜಾರಬಹುದು.

ಇವೆಲ್ಲ ಅವಸರದ ಉಸಿರಿನ ಕಥೆಗಳು. ಇದಕ್ಕಿಂತ ಹೆಚ್ಚು ಮಂದಿ ನರಳುವುದು ಅವಸರವೇ ಇಲ್ಲದ ಏದುಸಿರಿನಿಂದ. ಅದು ವರ್ಷಗಟ್ಟಲೆ ತೆಗೆದುಕೊಂಡು ಬರುತ್ತದೆ, ಮನುಷ್ಯರು ಅದಕ್ಕೆ ತಕ್ಕಂತೆ ಬದುಕನ್ನೇ ಕತ್ತರಿಸಿಕೊಳ್ಳುತ್ತಾರೆ. ಮೊದಲು ಮಹಡಿಗೆ ಹೋಗುವುದು ನಿಲ್ಲುತ್ತದೆ, ಆಮೇಲೆ ಸಂತೆ, ಆಮೇಲೆ ದೇವಸ್ಥಾನದ ಮೆಟ್ಟಿಲು. ಕೇಳಿದರೆ ‘ವಯಸ್ಸಾಯ್ತಲ್ಲ’. ರಾತ್ರಿ ಒಂದು ದಿಂಬಿನ ಬದಲು ಎರಡು, ಮೂರು ಬೇಕಾಗುವುದು, ಮಲಗಿದ ಒಂದೆರಡು ಗಂಟೆಗೆ ಉಸಿರುಕಟ್ಟಿ ಎದ್ದು ಕಿಟಕಿ ಬಳಿ ಕೂರುವುದು, ಸಂಜೆಗೆ ಪಾದ ಊದಿ ಚಪ್ಪಲಿ ಬಿಗಿಯಾಗುವುದು, ಇದು ವಯಸ್ಸಲ್ಲ, ಹೃದಯ ಸೋಲುತ್ತಿರುವ ಲಕ್ಷಣ. ವಾರದೊಳಗೆ ತೋರಿಸಬೇಕಾದ ಸಂಗತಿ, ಹಬ್ಬ ಕಳೆಯಲಿ ಎನ್ನುವಂಥದ್ದಲ್ಲ.

ಈ ನಿಧಾನದ ಏದುಸಿರು ಹೃದಯದಿಂದಷ್ಟೇ ಬರುವುದಿಲ್ಲ. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಬೀಡಿ ಮುಟ್ಟದ ಹೆಂಗಸರ ಕೆಮ್ಮು, ಕಫದ ಬೆನ್ನುಹತ್ತಿ ಸೌದೆ ಒಲೆಯವರೆಗೆ ಹೋದರು. ಅವರ ಲೆಕ್ಕ ಸರಳ: ದಿನಕ್ಕೆ ಒಲೆಯ ಮುಂದೆ ಕೂರುವ ಗಂಟೆಗಳನ್ನು ಕೂತ ವರ್ಷಗಳಿಂದ ಗುಣಿಸುವುದು. ಗುಣಲಬ್ಧ 60 ದಾಟಿದವರಲ್ಲಿ ದೀರ್ಘಕಾಲದ ಬ್ರಾಂಕೈಟಿಸ್ ಅಪಾಯ ಎದ್ದುಕಂಡಿತು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಒಲೆ ಮುಂದೆ ಕೂತ ಹೆಂಗಸು ನಲವತ್ತು ಮುಟ್ಟುವ ಮೊದಲೇ ಆ ಗೆರೆಗೆ ಬಂದಿರುತ್ತಾಳೆ. ಆಕೆಯ ಮನೆಗೆ ಸಿಲಿಂಡರ್ ಬಂದಿರಬಹುದು, ಆದರೆ ಸ್ನಾನದ ನೀರಿಗೆ, ದನದ ಹುರುಳಿಗೆ ಬೆಂಕಿ ಈಗಲೂ ಸೌದೆಯದ್ದೇ. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಮಾಡಿಸಿದರೆ ಶ್ವಾಸಕೋಶ ಎಷ್ಟು ಸೋತಿದೆ ಎಂಬುದು ತಿಳಿಯುತ್ತದೆ. ಸಿಗರೇಟು ಸೇದುವ ಗಂಡನನ್ನು ಅದಕ್ಕೆ ಕಳಿಸುವಷ್ಟು ಸಲೀಸಾಗಿ ಹೆಂಡತಿಯನ್ನು ಯಾರೂ ಕಳಿಸುವುದಿಲ್ಲ.

ಹೆಂಗಸರ ಏದುಸಿರಿಗೆ ಸಿಗುವ ಇನ್ನೊಂದು ಹಣೆಪಟ್ಟಿ ‘ಟೆನ್ಷನ್’. ಗಾಬರಿಯಿಂದ ಉಸಿರು ಏರುವುದು ನಿಜ, ಬಾಯಿಸುತ್ತ ಜೋಮು ಹಿಡಿದು ಬೆರಳು ಸೆಟೆದುಕೊಳ್ಳುವುದೂ ನಿಜ. ಆದರೆ ಬೇರೆಲ್ಲ ಕಾರಣ ಇಲ್ಲವೆಂದಾದ ಮೇಲೆ ಉಳಿಯಬೇಕಾದ ತೀರ್ಮಾನ ಅದು, ಮೊದಲ ನಿಮಿಷದ್ದಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ನೀರಿನ ಕೊಡ ಎತ್ತಿದರೆ ಎದೆ ಡವಗುಟ್ಟಿ ಉಸಿರು ಮೇಲಾಗುವುದಕ್ಕೆ ಹಿಮೊಗ್ಲೋಬಿನ್ 7 ಇದ್ದರೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮತ್ತೆ ಕೆಲವರಲ್ಲಿ ಮೂಲ ಇರುವುದು ಶಾಲೆಯ ದಿನಗಳಲ್ಲಿ. ಗಂಟಲು ಸೋಂಕು ಬಂದು, ಕೀಲು ಊದಿ, ತಾನೇ ವಾಸಿಯಾದ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಕವಾಟವನ್ನು ನಿಧಾನವಾಗಿ ಬಿಗಿಗೊಳಿಸುತ್ತಾ ಹೋಗಿರುತ್ತದೆ. ಹತ್ತು ಹದಿನೈದು ವರ್ಷ ಏನೂ ಗೊತ್ತಾಗುವುದಿಲ್ಲ. ಗರ್ಭಿಣಿಯಾದಾಗ ಮೈಯಲ್ಲಿ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಏರುತ್ತದೆ, ಬಿಗಿದ ಕವಾಟ ಅಷ್ಟನ್ನು ಸಾಗಿಸಲಾರದು. ಆರು ಏಳನೇ ತಿಂಗಳಲ್ಲಿ ‘ಮಲಗಿದರೆ ಉಸಿರು ಕಟ್ಟುತ್ತೆ’ ಎನ್ನುವ ಹುಡುಗಿಗೆ ‘ಬಸಿರಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ಸಮಾಧಾನ ಹೇಳಲಾಗುತ್ತದೆ. ಮೆಟ್ಟಿಲು ಹತ್ತಿದಾಗ ಬರುವ ಸಣ್ಣ ಏದುಸಿರು ಬಸಿರಿನಲ್ಲಿ ಇದ್ದದ್ದೇ. ಮಲಗಿದಾಗ ಬರುವುದು, ಕೆಮ್ಮಿನಲ್ಲಿ ರಕ್ತದ ಎಳೆ ಕಾಣುವುದು ಇದ್ದದ್ದಲ್ಲ. ಎದೆಗೆ ಸ್ಟೆತೊಸ್ಕೋಪ್ ಇಟ್ಟು ಅನುಮಾನಿಸಿದ ವೈದ್ಯರು ಎಕೋ ಮಾಡಿಸುತ್ತಾರೆ. ಜಪಾನಿನ ಕಾಂಜಿ ಇನೊವೆ ರೂಪಿಸಿ, 1984ರಲ್ಲಿ ವರದಿ ಮಾಡಿದ ಬಲೂನು ಚಿಕಿತ್ಸೆ ಈಗ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ನಡೆಯುತ್ತದೆ. ತೊಡೆಯ ರಕ್ತನಾಳದಿಂದ ಬಲೂನು ಸಾಗಿಸಿ ಕವಾಟವನ್ನು ಹಿಗ್ಗಿಸುತ್ತಾರೆ. ಎದೆ ಸೀಳುವುದಿಲ್ಲ, ಗರ್ಭಿಣಿಗೂ ಮಾಡಬಹುದು, ಕವಾಟ ಹಿಗ್ಗಿದ ಬಹುತೇಕರಿಗೆ ಆಸ್ಪತ್ರೆಯಲ್ಲಿರುವಾಗಲೇ ಉಸಿರು ಸಲೀಸಾಗುತ್ತದೆ.